ಮೀಟರ್ ಇಟ್ಟರೆ ಸರಿ, ತೆಗೆದರೆ ಹುಚ್ಚು: ಎಡಿ620, ಸಿಡಿ4052, ನಾಲ್ಕು ಥರ್ಮೋಕಪಲ್

ಸಾಗರದ_ಸೋಲ್ಡರ್

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಬೋರ್ಡಿನ ಮುಂದೆ ಕೂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಇದರಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಅಂತ ನನಗೇ ಗೊತ್ತಾಗುತ್ತಿಲ್ಲ.

ಸಾಗರದಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮಿಕ್ಸಿ, ಯುಪಿಎಸ್, ಪಂಪ್ ಸ್ಟಾರ್ಟರ್, ಸಿಡಿಲಿಗೆ ಸುಟ್ಟ ಸೆಟ್‌ಟಾಪ್ ಬಾಕ್ಸ್. ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್, ಅಂದರೆ ಎರಡು ತಂತಿ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸವನ್ನು ದೊಡ್ಡದು ಮಾಡುವ ಐಸಿ, ಮುಟ್ಟಿದ್ದು ಇದೇ ಮೊದಲು. ಊರಲ್ಲಿ ದೊಡ್ಡಪ್ಪನ ಮನೆಯಲ್ಲಿ ಅಡಿಕೆ ಡ್ರೈಯರ್ ಇದೆ. ಕೆಳಗೆ ಕಟ್ಟಿಗೆ ಒಲೆ, ಅದರಿಂದ ತಗಡಿನ ಡಕ್ಟ್, ಮೇಲೆ ಮೂರು ಅಂತಸ್ತು ಜಾಲರಿ ಟ್ರೇ. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿದ ಮೇಲೆ ಮೋಡ ಹಾಕಿತು ಅಂದರೆ ಎಲ್ಲ ಇದರೊಳಗೆ. ಬಿಸಿ ಕಮ್ಮಿಯಾದರೆ ಬೂಸ್ಟು, ಜಾಸ್ತಿಯಾದರೆ ಮೇಲೆ ಒಣಗಿ ಒಳಗೆ ಹಸಿ. ದೊಡ್ಡಪ್ಪ ಬಾಗಿಲು ತೆಗೆದು ಕೈ ಒಳಗಿಟ್ಟು ಬಿಸಿ ಹೇಳುತ್ತಾರೆ. ರಾತ್ರಿ ಎರಡು ಗಂಟೆಗೂ ಎದ್ದು ಕೈ ಇಡುತ್ತಾರೆ. ಅವರಿಗೆ ಎಪ್ಪತ್ತೆರಡು ವರ್ಷ. ಒಂದು ಡಬ್ಬಿ ಮಾಡಿ ಕೊಡೋಣ, ನಡುಮನೆಯಲ್ಲೇ ಕೂತು ನೋಡಲಿ ಅಂತ ಹೊರಟೆ.

ಸರ್ಕ್ಯೂಟ್ ಹೀಗಿದೆ. ಎಸ್‌ಪಿ ರೋಡಿನಿಂದ ತಂದ ಕೆ ಟೈಪ್ ಥರ್ಮೋಕಪಲ್ (ಬಿಸಿಗೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡುವ ಎರಡು ಲೋಹದ ತಂತಿ ಜೋಡಿ) ನಾಲ್ಕು, ಒಂದೊಂದಕ್ಕೂ 6 ಮೀಟರ್ ತಂತಿ. 1, 2, 4 ತುದಿಯಲ್ಲಿ ಬರೀ ಮಣಿ ಇರುವವು, ಟ್ರೇಗಳ ಮಧ್ಯೆ ಸುತಳಿಯಲ್ಲಿ ನೇತು ಹಾಕಿದ್ದೇನೆ. 3 ಮಾತ್ರ ಸ್ಕ್ರೂ ಪ್ರೋಬ್, ಡಕ್ಟಿಗೇ ಬಿಗಿದಿದ್ದೇನೆ. ನಾಲ್ಕೂ ಸಿಡಿ4052 ಗೆ (ನಾಲ್ಕರಲ್ಲಿ ಒಂದನ್ನು ಆರಿಸಿ ಮುಂದೆ ಕಳಿಸುವ ಸ್ವಿಚ್ ಐಸಿ, ಅಂದರೆ ಮಕ್ಸ್) ಬರುತ್ತವೆ, ಪ್ಲಸ್ ತಂತಿಗಳು ಒಂದು ಕಡೆ, ಮೈನಸ್ ತಂತಿಗಳು ಇನ್ನೊಂದು ಕಡೆ. ಅದರ 13 ಮತ್ತು 3 ನೇ ಪಿನ್ನಿನಿಂದ ತಲಾ 10 ಕೆ ರೆಸಿಸ್ಟರ್ ಮೂಲಕ ಆಂಪ್ಲಿಫೈಯರ್ ಎಡಿ620 ಯ ಎರಡು ಇನ್‌ಪುಟ್‌ಗೆ. ಆ ಎರಡು ಇನ್‌ಪುಟ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಗಲಾಟೆ ಕಮ್ಮಿಯಾಗಲಿ ಅಂತ. ಗೇನ್ ರೆಸಿಸ್ಟರ್ 470 ಓಮ್, ಅಂದರೆ ಗೇನ್ ಸುಮಾರು 106 ಪಟ್ಟು. ಸಪ್ಲೈ +5 ಮತ್ತು -5, ಮೈನಸ್ ಐದು 7660 ಯಿಂದ (+5 ರಿಂದ -5 ಮಾಡುವ ಐಸಿ). 4052 ಯ ವಿಇಇ (ಮೈನಸ್ ಸಪ್ಲೈ ಪಿನ್) ಕೂಡ -5 ಕ್ಕೇ ಇದೆ. ಔಟ್‌ಪುಟ್ ಆರ್ಡುಯಿನೋ ನ್ಯಾನೋಗೆ (ಕೋಡ್ ಓಡಿಸುವ ಪುಟ್ಟ ಬೋರ್ಡ್), ಒಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸಿದ್ದೇನೆ. ಕೋಲ್ಡ್ ಜಂಕ್ಷನ್‌ಗೆ (ಥರ್ಮೋಕಪಲ್ ತಂತಿ ಬೋರ್ಡಿಗೆ ಸೇರುವ ಜಾಗ) ಬಿಸಿ ಅಳೆಯುವ ಐಸಿ ಎಲ್ಎಂ35. ಎಲ್ಲ ಜೀರೋ ಪಿಸಿಬಿ ಮೇಲೆ, ತಗಡಿನ ಡಬ್ಬಿಯಲ್ಲಿ. ಗ್ರೌಂಡನ್ನು ಡಬ್ಬಿಗೆ ಸ್ಕ್ರೂ ಮಾಡಿದ್ದೇನೆ, ಡಬ್ಬಿ ಡ್ರೈಯರಿನ ಫ್ರೇಮಿಗೆ. ಕರೆಂಟು ಮೊಬೈಲ್ ಚಾರ್ಜರಿನಿಂದ.

ಅಂಗಡಿಯಲ್ಲಿ ಟೆಸ್ಟ್ ಮಾಡಿದಾಗ ನಾಲ್ಕೂ ಚೆನ್ನಾಗಿ ಬಂದವು. ಹಾಟ್‌ಪ್ಲೇಟ್ ಮೇಲೆ ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು ನಾಲ್ಕೂ ಮುಳುಗಿಸಿದ್ದೆ, ಲ್ಯಾಪ್‌ಟಾಪಿನಿಂದ ಯುಎಸ್‌ಬಿ. ನಾಲ್ಕಕ್ಕೂ ನಾಲ್ಕು ಒಂದೇ ಸಂಖ್ಯೆ. ಖುಷಿಯಿಂದ ಎತ್ತಿಕೊಂಡು ಹೋದೆ.

ಡ್ರೈಯರಿಗೆ ಹಚ್ಚಿದ ಮೇಲೆ 3 ಮಾತ್ರ ಸರಿಯಾಗಿದೆ, 140 ರ ಆಸುಪಾಸು ನಿಂತಿದೆ. ಮಿಕ್ಕ ಮೂರಕ್ಕೂ ಹುಚ್ಚು. ಒಮ್ಮೆ ಸೊನ್ನೆ, ಒಮ್ಮೆ ಫುಲ್ ಸ್ಕೇಲ್, ಒಮ್ಮೆ ಏನೋ ಮಧ್ಯದ ಸಂಖ್ಯೆ.

ಈಗ ನಿಜವಾದ ತಲೆನೋವು ಕೇಳಿ. ಸ್ಕ್ಯಾನ್ ನಿಲ್ಲಿಸಿ 1 ನೇ ಚಾನಲಿನಲ್ಲೇ ಇಟ್ಟು, ಏನು ಬರುತ್ತಿದೆ ನೋಡೋಣ ಅಂತ ಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗೆ, ಕೆಂಪನ್ನು 3 ನೇ ಪಿನ್ನಿಗೆ ಇಟ್ಟೆ. ಡಿಸ್‌ಪ್ಲೇಯಲ್ಲಿ ಥಟ್ಟನೆ 58! ಪಕ್ಕದಲ್ಲಿ ನೇತು ಹಾಕಿದ್ದ ಗಾಜಿನ ಥರ್ಮಾಮೀಟರ್ ಕೂಡ 58. ಮೀಟರ್ ತೆಗೆದೆ. ಒಂದು, ಎರಡು ಅಂತ ಎಣಿಸುವಷ್ಟರಲ್ಲಿ ಮತ್ತೆ ಎಲ್ಲೋ ಹೋಯಿತು. ಇಟ್ಟರೆ ಬರುತ್ತದೆ, ತೆಗೆದರೆ ಹೋಗುತ್ತದೆ. ಬೆರಳಲ್ಲಿ ಮುಟ್ಟಿದರೂ ಹೆಚ್ಚುಕಮ್ಮಿ ಹಾಗೇ, ಸ್ವಲ್ಪ ಕುಣಿಯುತ್ತದೆ ಅಷ್ಟೇ. ದೊಡ್ಡಪ್ಪ ಹಿಂದೆ ನಿಂತು ನೋಡುತ್ತಿದ್ದರು. "ಹಾಗಾದರೆ ಆ ಮೀಟರನ್ನೇ ಅಲ್ಲಿ ಕಟ್ಟಿ ಹೋಗು" ಅಂದರು.

4052 ಎರಡು ಸಲ ಬದಲಾಯಿಸಿದೆ, ಎಡಿ620 ಒಂದು ಸಲ. ಒರಿಜಿನಲ್ಲೋ ಅಲ್ವೋ ದೇವರಿಗೇ ಗೊತ್ತು, ಆದರೆ ಎರಡೂ ಒಂದೇ ಥರ ಆಡುತ್ತವೆ. ಎಲ್ಲಿ ನೋಡಲಿ?

ಬಿಟ್_ಬ್ಯಾಂಗ್

ಗುರುವೇ, ಕೋಡ್ ಹಾಕಿ ಮೊದಲು. 4052 ಯ ಚಾನಲ್ ಆರಿಸುವ ಎರಡು ಸೆಲೆಕ್ಟ್ ಲೈನನ್ನು ಎರಡು ಬೇರೆ ಬೇರೆ ಡಿಜಿಟಲ್‌ರೈಟ್ ಮಾಡುತ್ತಿದ್ದೀರಾ? ಹಾಗಾದರೆ 01 ರಿಂದ 10 ಕ್ಕೆ ಹೋಗುವಾಗ ಮಧ್ಯೆ 11 ಅಥವಾ 00 ಬಂದು ಹೋಗುತ್ತದೆ, ತಪ್ಪು ಚಾನಲ್ ಒಂದು ಕ್ಷಣ ಸೇರಿಕೊಳ್ಳುತ್ತದೆ. ಇನ್‌ಹಿಬಿಟ್ ಪಿನ್ (ಎಲ್ಲ ಚಾನಲ್ ಬಂದ್ ಮಾಡುವುದು) ಎತ್ತಿ, ಬದಲಾಯಿಸಿ, ಆಮೇಲೆ ಇಳಿಸಿ.

ಇಲ್ಲದಿದ್ದರೆ ಇದನ್ನೆಲ್ಲ ಕಿತ್ತು ಹಾಕಿ, ಥರ್ಮೋಕಪಲ್ಲನ್ನು ನೇರ ಡಿಜಿಟಲ್ ಸಂಖ್ಯೆ ಮಾಡಿ ಕೊಡುವ ಮ್ಯಾಕ್ಸ್31855 ಮಾಡ್ಯೂಲ್ ನಾಲ್ಕು ತಗೊಳ್ಳಿ. 2 ಗಂಟೆ ಕೆಲಸ. ಯಾಕೆ ಸುಮ್ನೆ ಅನಲಾಗ್ ಜೊತೆ ಗುದ್ದಾಟ?

ಹುಬ್ಬಳ್ಳಿ_ಲ್ಯಾಬ್

ನಮಸ್ಕಾರ ರೀ ಸಾಗರದವರೇ. ನೀವು ಬರೆದಿದ್ದು ಉದ್ದ ಆದರೂ ಉತ್ತರ ಅದರೊಳಗೇ ಇದೆ. ಹೇಳುವ ಮೊದಲು ಎರಡು ಪ್ರಶ್ನೆ. ಒಂದು, ಬೆರಳಲ್ಲಿ ಮುಟ್ಟಿದಾಗ ನಿಮ್ಮ ಇನ್ನೊಂದು ಕೈ ಎಲ್ಲಿತ್ತು? ಎರಡು, ಅಂಗಡಿಯ ಹಾಟ್‌ಪ್ಲೇಟಿಗೂ ಲ್ಯಾಪ್‌ಟಾಪ್ ಚಾರ್ಜರಿಗೂ ಮೂರು ಪಿನ್ನಿನ ಪ್ಲಗ್ ಇದೆಯೇ?

ಬಿಟ್‌ಬ್ಯಾಂಗ್ ಅವರೇ, ಆ ಎರಡು ಬಿಟ್ ವಿಷಯ ನಿಜ, ಆದರೆ ಇಲ್ಲಿ ಅದಲ್ಲ. ಅವರು ಸ್ಕ್ಯಾನ್ ನಿಲ್ಲಿಸಿ ಒಂದೇ ಚಾನಲಿನಲ್ಲಿ ಇಟ್ಟಾಗಲೂ ರೀಡಿಂಗ್ ಓಡಿ ಹೋಗಿದೆ. ಬಿಟ್ ಬದಲಾಗದೇ ಇದ್ದಾಗ ಬಿಟ್‌ನದು ತಪ್ಪು ಹೇಗಾಗುತ್ತದೆ? ಮ್ಯಾಕ್ಸ್31855 ವಿಷಯಕ್ಕೂ ಒಂದು ಎಚ್ಚರ. ಅದು ಗ್ರೌಂಡಿಗೆ ತಾಗಿದ ಥರ್ಮೋಕಪಲ್ಲನ್ನು ಒಪ್ಪುವುದಿಲ್ಲ, ಗ್ರೌಂಡಿಗೆ ಶಾರ್ಟ್ ಆಗಿದೆ ಅಂತ ಫಾಲ್ಟ್ ಕೊಡುತ್ತದೆ. ಇವರ 3 ಡಕ್ಟಿಗೇ ಬಿಗಿದಿದೆ. ಈಗ ಕೆಲಸ ಮಾಡುತ್ತಿರುವ ಒಂದೇ ಒಂದು ಚಾನಲ್ ಅದರಲ್ಲಿ ಕೆಡುತ್ತದೆ.

ಸಾಗರದ_ಸೋಲ್ಡರ್

ಸರ್, ಇನ್ನೊಂದು ಕೈ ಡ್ರೈಯರಿನ ಫ್ರೇಮ್ ಮೇಲಿತ್ತು. ಬಗ್ಗಿ ನೋಡುವಾಗ ಹಿಡಿದುಕೊಂಡಿದ್ದೆ. ನೀವು ಕೇಳಿದ ಮೇಲೆ ಕೈ ಬಿಟ್ಟು, ರಬ್ಬರ್ ಚಪ್ಪಲಿಯಲ್ಲಿ ನಿಂತು ಮುಟ್ಟಿ ನೋಡಿದೆ. ಸರಿ ಬರುವುದಿಲ್ಲ, ಇನ್ನೂ ಜಾಸ್ತಿ ಕುಣಿಯುತ್ತದೆ! ಹೌದು, ಹಾಟ್‌ಪ್ಲೇಟೂ ಲ್ಯಾಪ್‌ಟಾಪೂ ಮೂರು ಪಿನ್.

ಇದರಿಂದ ನಿಮಗೇನು ಗೊತ್ತಾಯಿತು?

ಹುಬ್ಬಳ್ಳಿ_ಲ್ಯಾಬ್

ಎಲ್ಲ ಗೊತ್ತಾಯಿತು. ನಿಮ್ಮ ಎಡಿ620 ಗೆ ಹೊಟ್ಟೆಗೆ ಹಾಕುವವರಿಲ್ಲ.

ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಎರಡು ಇನ್‌ಪುಟ್ ನಡುವಿನ ವ್ಯತ್ಯಾಸ ಮಾತ್ರ ನೋಡುತ್ತದೆ ಅಂತ ಪುಸ್ತಕದಲ್ಲಿ ಓದಿ, ಗ್ರೌಂಡ್ ಬೇಕಾಗಿಯೇ ಇಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಹುಡುಗರು ವರ್ಷ ವರ್ಷ ಲ್ಯಾಬಿನಲ್ಲಿ ಇದನ್ನೇ ಮಾಡುತ್ತಾರೆ. ಅದರ ಇನ್‌ಪುಟ್ಟಿನಲ್ಲಿ ಟ್ರಾನ್ಸಿಸ್ಟರ್ ಇದೆ ಅಲ್ವಾ? ಅದಕ್ಕೆ ಬೇಸ್ ಕರೆಂಟ್ ಬೇಕು. ಎಡಿ620 ಗೆ ಬೇಕಾಗುವುದು ತೀರಾ ಕಮ್ಮಿ, 2 ನ್ಯಾನೋಆಂಪಿಯರ್ ಒಳಗೆ. ಆದರೆ ಕಮ್ಮಿ ಅಂದರೆ ಸೊನ್ನೆ ಅಲ್ಲ. ಆ ಕರೆಂಟ್ ಎಲ್ಲಿಂದಲೋ ಬಂದು ಗ್ರೌಂಡಿಗೆ ಸುತ್ತು ಮುಗಿಸಬೇಕು. ಸುತಳಿಯಲ್ಲಿ ನೇತಾಡುವ ಥರ್ಮೋಕಪಲ್‌ಗೆ ಗ್ರೌಂಡಿಗೆ ದಾರಿ ಎಲ್ಲಿದೆ? ಇಲ್ಲ. ದಾರಿ ಇಲ್ಲದಾಗ ಆ ನ್ಯಾನೋಆಂಪಿಯರ್ ನಿಮ್ಮ 6 ಮೀಟರ್ ತಂತಿಯ ಕೆಪಾಸಿಟೆನ್ಸನ್ನು ಚಾರ್ಜ್ ಮಾಡುತ್ತಾ ಕೂರುತ್ತದೆ. ತಂತಿಯದು 600 ಪಿಕೋಫ್ಯಾರಡ್ ಅಂತ ಹಿಡಿಯಿರಿ, ಒಟ್ಟು ಕರೆಂಟ್ 1 ನ್ಯಾನೋ ಅಂತ ಹಿಡಿಯಿರಿ. ಸೆಕೆಂಡಿಗೆ ಒಂದೂವರೆ ವೋಲ್ಟಿಗೂ ಜಾಸ್ತಿ ಜಾರುತ್ತದೆ. ಎರಡೂ ತಂತಿ ಒಟ್ಟಿಗೇ ಜಾರುತ್ತವೆ, ವ್ಯತ್ಯಾಸ ಹಾಗೇ ಇರುತ್ತದೆ. ಆದರೆ -5 ರ ಸಪ್ಲೈಗೆ ಇನ್‌ಪುಟ್ ಸುಮಾರು -3.1 ವೋಲ್ಟಿಗಿಂತ ಕೆಳಗೆ ಹೋದರೆ ಎಡಿ620 ಕೈ ಎತ್ತುತ್ತದೆ. ನೀವು ಒಂದು, ಎರಡು ಅಂತ ಎಣಿಸಿದಿರಲ್ಲ, ಅದೇ ಆ ಹೊತ್ತು.

ಈಗ ನಿಮ್ಮ ದೆವ್ವಗಳನ್ನೆಲ್ಲ ಇಳಿಸೋಣ. ಡಿಜಿಟಲ್ ಮೀಟರ್ ಅಂದರೆ 10 ಮೆಗಾಓಮ್ ರೆಸಿಸ್ಟರ್. ಗ್ರೌಂಡಿಗೂ ಇನ್‌ಪುಟ್ಟಿಗೂ ಮಧ್ಯೆ ಅದನ್ನು ಇಟ್ಟಿರಿ, ಕರೆಂಟಿಗೆ ದಾರಿ ಸಿಕ್ಕಿತು. 2 ನ್ಯಾನೋಆಂಪಿಯರ್ 10 ಮೆಗಾದಲ್ಲಿ ಹರಿದರೆ 20 ಮಿಲಿವೋಲ್ಟ್ ಅಷ್ಟೇ, ಅದು ಲೆಕ್ಕಕ್ಕಿಲ್ಲ. ಫ್ರೇಮ್ ಹಿಡಿದು ಬೆರಳಿಟ್ಟಾಗ ನೀವೇ ರೆಸಿಸ್ಟರ್. ಚಪ್ಪಲಿ ಹಾಕಿ ಬರೀ ಬೆರಳಿಟ್ಟಾಗ ನೀವು 50 ಹರ್ಟ್ಸ್ ಆಂಟೆನಾ. 3 ಡಕ್ಟಿಗೆ ತಾಗಿದೆ, ಡಕ್ಟ್ ಫ್ರೇಮಿಗೆ, ಫ್ರೇಮ್ ಡಬ್ಬಿಗೆ, ಡಬ್ಬಿ ಗ್ರೌಂಡಿಗೆ. ಅದಕ್ಕೆ ಅದು ಮೊದಲಿಂದಲೂ ಸರಿ. ಅಂಗಡಿಯಲ್ಲಿ ಬರೀ ಮಣಿ ನೀರಿಗೆ, ನೀರು ಪಾತ್ರೆಗೆ, ಪಾತ್ರೆ ಹಾಟ್‌ಪ್ಲೇಟಿನ ಅರ್ಥಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ನಿಮಗೆ ಗೊತ್ತಿಲ್ಲದೆ ಸರ್ಕ್ಯೂಟನ್ನು ಪೂರ್ತಿ ಮಾಡಿದ್ದು ನಲ್ಲಿ ನೀರು.

ಮದ್ದು: ಮೈನಸ್ ತಂತಿಯಿಂದ ಗ್ರೌಂಡಿಗೆ 1 ಮೆಗಾ ರೆಸಿಸ್ಟರ್ ಹಾಕಿ. ನೇರ ತಂತಿ ಹಾಕಬೇಡಿ. 3 ಆಗಲೇ ಡಕ್ಟಿನ ಕಡೆ ಗ್ರೌಂಡ್ ಆಗಿದೆ, ಇನ್ನೊಂದು ಕಡೆಯೂ ತಂತಿಯಲ್ಲೇ ಗ್ರೌಂಡ್ ಮಾಡಿದರೆ ಫ್ರೇಮಿನ ಕಳ್ಳ ಕರೆಂಟ್ ಥರ್ಮೋಕಪಲ್ ಒಳಗೇ ಓಡಾಡುತ್ತದೆ.

ಹಾಗೇ ಪ್ಲಸ್ ತಂತಿಯಿಂದ +5 ಕ್ಕೆ 10 ಮೆಗಾ ಹಾಕಿದರೆ ಒಂದು ಲಾಭ. ತಂತಿ ತುಂಡಾದ ದಿನ ರೀಡಿಂಗ್ ಮೇಲಕ್ಕೆ ಹೋಗಿ ಬಡಿಯುತ್ತದೆ, ಗೊತ್ತಾಗುತ್ತದೆ. ಅದಿಲ್ಲದಿದ್ದರೆ ತಂತಿ ಕಡಿದರೂ ಏನೋ ಒಂದು ಸಂಖ್ಯೆ ತೋರಿಸುತ್ತಾ ಕೂರುತ್ತದೆ.

ಬಿಟ್_ಬ್ಯಾಂಗ್

ಮ್ಯಾಕ್ಸ್31855 ವಾಪಸ್ ತಗೊಂಡೆ. ಇನ್‌ಹಿಬಿಟ್ ಮಾತ್ರ ಬಿಡಲ್ಲ 😀

ಸಾಗರದ_ಸೋಲ್ಡರ್

ಹುಬ್ಬಳ್ಳಿ ಸರ್, ಕೈ ಮುಗಿದೆ. ಮೊದಲು ಒಂದು 1 ಮೆಗಾ ಸಿಕ್ಕಿಸಿ ನೋಡಿದೆ, ನಾಲ್ಕೂ ಬದುಕಿದವು. ದೊಡ್ಡಪ್ಪನಿಗೆ ತೋರಿಸಿದೆ. "ಇಷ್ಟಕ್ಕೆ ಮೂರು ವಾರವಾ?" ಅಂದರು.

ಆದರೆ ಈಗ ಬೇರೆ ಎರಡು ಕಿರಿಕಿರಿ. ಇವು ಮೊದಲೂ ಇದ್ದವೋ ಏನೋ, ಆ ಹುಚ್ಚಿನಲ್ಲಿ ಕಾಣುತ್ತಿರಲಿಲ್ಲ.

ಮೊದಲನೆಯದು. ನಾಲ್ಕು ಚಾನಲ್‌ಗೂ ನಾಲ್ಕು ಜೊತೆ ರೆಸಿಸ್ಟರ್ ಯಾಕೆ, ಮಕ್ಸ್ ಆದ ಮೇಲೆ ಒಂದೇ ಜೊತೆ ಹಾಕಿದರೆ ನಾಲ್ಕಕ್ಕೂ ಆಗುತ್ತದಲ್ಲ ಅಂತ ಜಾಣತನ ಮಾಡಿದೆ. 13 ನೇ ಪಿನ್ನಿನಿಂದ +5 ಕ್ಕೆ 10 ಮೆಗಾ, 3 ನೇ ಪಿನ್ನಿನಿಂದ ಗ್ರೌಂಡಿಗೆ 1 ಮೆಗಾ. ಈಗ ಗಾಜಿನ ಥರ್ಮಾಮೀಟರಿಗಿಂತ 4 ಡಿಗ್ರಿ ಜಾಸ್ತಿ ತೋರಿಸುತ್ತದೆ. 10 ಮೆಗಾದ ಒಂದು ಕಾಲು ಬಿಚ್ಚಿದರೆ 1 ನೇ ಚಾನಲಿನಲ್ಲಿ 4 ಡಿಗ್ರಿ ಇಳಿಯುತ್ತದೆ, ಹಚ್ಚಿದರೆ ಏರುತ್ತದೆ. ವಿಚಿತ್ರ ಅಂದರೆ 3 ನೇ ಚಾನಲಿನಲ್ಲಿ ಇದೇ ಆಟಕ್ಕೆ ಎರಡೂವರೆ ಡಿಗ್ರಿ ಅಷ್ಟೇ ವ್ಯತ್ಯಾಸ.

ಎರಡನೆಯದು. ಮೇಲಿನ ಟ್ರೇ, ಅಂದರೆ 4, ಆ 4 ಡಿಗ್ರಿ ಕಳೆದ ಮೇಲೂ ಇನ್ನೂ ಆರೂವರೆ ಡಿಗ್ರಿ ಜಾಸ್ತಿ. ಥರ್ಮಾಮೀಟರಿನಲ್ಲಿ 60 ಇದ್ದರೆ ಇದು 66, 67. ಥರ್ಮೋಕಪಲ್ಲೇ ಕೆಟ್ಟಿದೆ ಅಂತ 2 ಮತ್ತು 4 ರ ತಂತಿ ಅದಲು ಬದಲು ಮಾಡಿದೆ. ಆಗಲೂ 4 ನೇ ಜಾಗದಲ್ಲಿ ಇರುವುದೇ ಜಾಸ್ತಿ ತೋರಿಸುತ್ತದೆ. ನೀರಿನ ಪಾತ್ರೆಯಲ್ಲಿ ನಾಲ್ಕನ್ನೂ ಇಟ್ಟರೆ ಈ ತೊಂದರೆ ಇಲ್ಲವೇ ಇಲ್ಲ. ಕೋಡ್ ಏನಿಲ್ಲ: ಚಾನಲ್ ಬದಲಾಯಿಸು, 5 ಮಿಲಿಸೆಕೆಂಡ್ ಕಾಯಿ, ಒಂದು ಸಲ ಓದು, ಮುಂದಿನದಕ್ಕೆ ಹೋಗು. ಹೀಗೆ 16 ಸುತ್ತಿನ ಸರಾಸರಿ.

ಬಿಟ್‌ಬ್ಯಾಂಗ್ ಅವರೇ, ಇನ್‌ಹಿಬಿಟ್ ಕೂಡ ಹಾಕಿ ನೋಡಿದೆ. ಏನೂ ಬದಲಾಗಲಿಲ್ಲ.

ನಿವೃತ್ತ_ಟೆಸ್ಟ್‌ಬೆಂಚ್

ಸಾಗರದವರೇ, ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷ ಬೋರ್ಡ್ ಟೆಸ್ಟಿಂಗ್ ಮಾಡಿದವಳು. ಈಗ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬಂದ ಮೇಲೆ ಇಂಥದ್ದು ಓದುವುದೇ ಕೆಲಸ. ಅಂಗಡಿಯವರಾದರೂ ನೀವು ಬಹಳ ಒಳ್ಳೆಯ ಟೆಸ್ಟ್ ಮಾಡಿದ್ದೀರಿ. ಆ ಎರಡೂವರೆ ಡಿಗ್ರಿ ಬರೆಯದೇ ಇದ್ದಿದ್ದರೆ ನಾನೂ ಎಲ್ಎಂ35 ನೋಡಿ ಅಂತ ಏನೋ ಹೇಳಿ ಹೋಗುತ್ತಿದ್ದೆ.

4052 ಅನ್ನು ನೀವು ಸ್ವಿಚ್ ಅಂತ ನೋಡುತ್ತಿದ್ದೀರಿ. ಅದನ್ನು ರೆಸಿಸ್ಟರ್ ಅಂತ ಬರೆದುಕೊಳ್ಳಿ. ನಿಮ್ಮ ಹಾಗೆ +5, -5 ಕೊಟ್ಟರೆ, ಅಂದರೆ ಒಟ್ಟು 10 ವೋಲ್ಟಿಗೆ, ಮುಚ್ಚಿದ ಸ್ವಿಚ್ ಸುಮಾರು 180 ಓಮ್. ಇದು ಮಾಮೂಲಿ ಲೆಕ್ಕ, ಒಂದೊಂದು ಐಸಿಗೂ ಒಂದೊಂದು ಥರ. ನಿಮ್ಮ ದಾರಿಯಲ್ಲಿ ಇಂಥ ಎರಡು ಸ್ವಿಚ್ಚಿವೆ, ಹೋಗುವಾಗ ಒಂದು, ಬರುವಾಗ ಒಂದು. ಮಧ್ಯೆ ಥರ್ಮೋಕಪಲ್ ತಂತಿ. ಅದನ್ನು ಮೀಟರಿನಲ್ಲಿ ಅಳೆದರೆ 25-30 ಓಮ್ ಬರಬಹುದು.

ಈಗ +5 ರಿಂದ 10 ಮೆಗಾ, ಗ್ರೌಂಡಿಗೆ 1 ಮೆಗಾ. 11 ಮೆಗಾದಲ್ಲಿ 5 ವೋಲ್ಟ್, ಅಂದರೆ 0.45 ಮೈಕ್ರೋಆಂಪಿಯರ್. ಅದು ಹರಿಯುವ ದಾರಿ: 13 ನೇ ಪಿನ್, ಸ್ವಿಚ್, ಪ್ಲಸ್ ತಂತಿ, ಮಣಿ, ಮೈನಸ್ ತಂತಿ, ಎರಡನೇ ಸ್ವಿಚ್, 3 ನೇ ಪಿನ್. ಒಟ್ಟು 390 ಓಮ್ ಹತ್ತಿರ. 0.45 ಮೈಕ್ರೋಆಂಪಿಯರ್ ಗುಣಿಸು 390, ಅಂದರೆ 175 ಮೈಕ್ರೋವೋಲ್ಟ್. ಕೆ ಟೈಪಿಗೆ ಡಿಗ್ರಿಗೆ 41 ಮೈಕ್ರೋವೋಲ್ಟ್. ಭಾಗಿಸಿ ನೋಡಿ, ನಿಮ್ಮ 4 ಡಿಗ್ರಿ.

3 ರಲ್ಲಿ ಏನಾಗುತ್ತದೆ? ಕರೆಂಟ್ ಮೊದಲ ಸ್ವಿಚ್ ದಾಟಿ, ಪ್ಲಸ್ ತಂತಿ ದಾಟಿ ಮಣಿಗೆ ಬರುತ್ತದೆ. ಅಲ್ಲಿ ಡಕ್ಟ್ ಸಿಕ್ಕಿತು. 1 ಮೆಗಾ ದಾರಿ ಯಾರಿಗೆ ಬೇಕು? ಅಲ್ಲೇ ಇಳಿದು ಹೋಗುತ್ತದೆ. ಎರಡನೇ ಸ್ವಿಚ್ಚಿನಲ್ಲಿ ಕರೆಂಟೇ ಇಲ್ಲ. ಹಾಗಾಗಿ ಒಂದು ಸ್ವಿಚ್ ಮತ್ತು ಒಂದು ತಂತಿಯ ತಪ್ಪು ಮಾತ್ರ, 100 ಮೈಕ್ರೋವೋಲ್ಟ್, ಎರಡೂವರೆ ಡಿಗ್ರಿ.

ಇನ್ನೊಂದು ಮಾತು. ಆ 10 ಮೆಗಾ, 1 ಮೆಗಾ ಎರಡನ್ನೂ ಇನ್ನೂ ಈಚೆ, 10 ಕೆ ದಾಟಿ ಎಡಿ620 ಯ ಕಾಲುಗಳಿಗೆ ಹಾಕಿದ್ದರೆ? ಎರಡೂ 10 ಕೆ ಲೆಕ್ಕಕ್ಕೆ ಬರುತ್ತಿದ್ದವು. ಇನ್ನೂರು ಡಿಗ್ರಿಗೂ ಜಾಸ್ತಿ ತಪ್ಪು. ನಿಮ್ಮ ಅದೃಷ್ಟ ಚೆನ್ನಾಗಿತ್ತು.

ಅದಕ್ಕೆ ಎರಡೂ ರೆಸಿಸ್ಟರ್ ಮಕ್ಸಿನ ಆಚೆ ಹೋಗಬೇಕು, ತಂತಿ ಬಂದು ಸ್ಕ್ರೂ ಆಗುವ ಟರ್ಮಿನಲ್ ಹತ್ತಿರ. ನಾಲ್ಕು ಚಾನಲಿಗೆ ನಾಲ್ಕು ಜೊತೆ. ಪ್ಲಸ್‌ನದನ್ನು ಮಾತ್ರ ಆಚೆ ಹಾಕಿ 1 ಮೆಗಾ ಉಳಿಸಿದರೆ ಅರ್ಧ ತಪ್ಪು ಹಾಗೇ ಉಳಿಯುತ್ತದೆ, ಹಾಗೆ ಮಾಡಬೇಡಿ. ಟರ್ಮಿನಲಿನಲ್ಲೇ ಎರಡೂ ಇದ್ದರೆ ಆ 0.45 ಮೈಕ್ರೋ ಸ್ವಿಚ್ಚಿನೊಳಗೆ ಬರುವುದೇ ಇಲ್ಲ. ತಂತಿಯ 28 ಓಮಿನಲ್ಲಿ ಒಂದು 13 ಮೈಕ್ರೋವೋಲ್ಟ್ ಬೀಳುತ್ತದೆ, ಕಾಲು ಡಿಗ್ರಿಯ ಮೇಲೆ ಸ್ವಲ್ಪ. ಅಡಿಕೆಗೆ ಸಾಕು. ಸ್ವಿಚ್ಚಿನಲ್ಲಿ ಹರಿಯುವುದು ಎಡಿ620 ಯ ನ್ಯಾನೋಆಂಪಿಯರ್ ಮಾತ್ರ, 180 ಓಮಿಗೆ ಅದು ಏನೂ ಅಲ್ಲ. ಆರಿಸದೇ ಇರುವ ಚಾನಲ್‌ಗಳೂ ಆಗ ನೇತಾಡುವುದಿಲ್ಲ. ಈಗ ಅವು ಸರದಿ ಬರುವ ತನಕ ಅನಾಥವಾಗಿ ಏನೇನೋ ಚಾರ್ಜ್ ಹೊತ್ತು ಕೂತಿರುತ್ತವೆ.

4 ನೇ ಚಾನಲ್ ವಿಷಯ. ಜಾಗಕ್ಕೆ ಅಂಟಿಕೊಂಡ ತಪ್ಪು ಅಂತ ನೀವೇ ತೋರಿಸಿದ್ದೀರಿ. ಅದರ ಹಿಂದಿನ ಜಾಗ ಯಾವುದು? 3, ಬೆಂಕಿಯ ಡಕ್ಟ್. 3 ರಿಂದ 4 ಅಂದರೆ 10 ರಿಂದ 11, ಒಂದೇ ಬಿಟ್ ಬದಲಾಗುವುದು. ಹಾಗಾಗಿ ಇನ್‌ಹಿಬಿಟ್‌ನಿಂದ ಏನೂ ಆಗದೇ ಇದ್ದದ್ದು ಸರಿಯೇ. ನಿಮ್ಮ ಕೆಪಾಸಿಟರ್ ನೋಡಿ. 10 ಕೆ ಮತ್ತು 10 ಕೆ, ಒಟ್ಟು 20 ಕೆ. ಅದಕ್ಕೆ 0.1 ಮೈಕ್ರೋ. ಟೈಮ್ ಕಾನ್‌ಸ್ಟಂಟ್ 2 ಮಿಲಿಸೆಕೆಂಡ್. ನೀವು ಕಾಯುವುದು 5, ಅಂದರೆ ಎರಡೂವರೆ ಪಟ್ಟು. ಅಷ್ಟು ಹೊತ್ತಿಗೆ ಹಳೆಯದರಲ್ಲಿ ನೂರಕ್ಕೆ 8 ಪಾಲು ಇನ್ನೂ ಉಳಿದಿರುತ್ತದೆ. 140 ಮತ್ತು 60 ರ ಅಂತರ 80, ಅದರ 8.2 ಪಾಲು ಅಂದರೆ 6.6 ಡಿಗ್ರಿ. ಪಾತ್ರೆಯಲ್ಲಿ ನಾಲ್ಕಕ್ಕೂ ಒಂದೇ ಬಿಸಿ, ಉಳಿಯಲು ಅಂತರವೇ ಇಲ್ಲ, ಅದಕ್ಕೆ ಅಲ್ಲಿ ಕಾಣಲಿಲ್ಲ.

ಇದನ್ನು ಕೇಳಿ ಬೇಜಾರಾಗಬೇಡಿ: ನೀವು ಮೊದಲಿಂದ ಸರಿ ಅಂತ ನಂಬಿದ್ದ ಆ 3 ಕೂಡ ಸರಿ ಇಲ್ಲ. ಅದಕ್ಕಿಂತ ಮೊದಲು ಓದುವುದು 2, ತಣ್ಣಗಿನ ಟ್ರೇ. ಮೇಲೇರಲು 3 ಕ್ಕೂ ಅದೇ 5 ಮಿಲಿಸೆಕೆಂಡ್. ಅದು ಪೂರ್ತಿ ಏರುವ ಮೊದಲೇ ನೀವು ಓದಿ ಮುಗಿಸುತ್ತೀರಿ. 140 ತೋರಿಸುತ್ತಿದ್ದರೆ ಡಕ್ಟ್ ನಿಜಕ್ಕೂ 147 ಇರಬೇಕು. ಹೋಲಿಸಲು ಅಲ್ಲಿ ಥರ್ಮಾಮೀಟರ್ ಇರಲಿಲ್ಲ, ಅಷ್ಟೇ.

ಕಾಯುವುದನ್ನು 100 ಮಿಲಿಸೆಕೆಂಡ್ ಮಾಡಿ. ಅಡಿಕೆ ಎಲ್ಲಿಗೂ ಓಡಿ ಹೋಗುವುದಿಲ್ಲ. ಆಮೇಲೆ ಒಂದು ಸಲ ಓದುವ ಬದಲು 20 ಮಿಲಿಸೆಕೆಂಡ್ ತುಂಬಾ ಓದುತ್ತಾ ಹೋಗಿ ಸರಾಸರಿ ಮಾಡಿ. 50 ಹರ್ಟ್ಸಿನ ಒಂದು ಸುತ್ತು ಸರಿಯಾಗಿ 20 ಮಿಲಿಸೆಕೆಂಡ್, ಹಮ್ ತಾನಾಗಿಯೇ ಕಳೆದು ಹೋಗುತ್ತದೆ.

ಕೊನೆಗೆ, ಎಲ್ಎಂ35 ಎಲ್ಲಿದೆ ಅಂತ ನೀವು ಹೇಳಲೇ ಇಲ್ಲ. ನ್ಯಾನೋ ಪಕ್ಕದಲ್ಲಿ ಇದ್ದರೆ ಕಿತ್ತು ಟರ್ಮಿನಲ್ ಸ್ಕ್ರೂಗಳಿಗೆ ತಾಗಿಸಿ ಇಡಿ. ಥರ್ಮೋಕಪಲ್ ತಂತಿ ತಾಮ್ರವಾಗುವ ಜಾಗದ ಬಿಸಿ ಬೇಕು ನಮಗೆ, ನ್ಯಾನೋದ ಬಿಸಿ ಅಲ್ಲ. ಎಡಿ620 ಯ ಔಟ್‌ಪುಟ್‌ಗೂ ನ್ಯಾನೋಗೂ ಮಧ್ಯೆ ಒಂದು 10 ಕೆ, ನ್ಯಾನೋ ಪಿನ್ನಿನಿಂದ ಗ್ರೌಂಡಿಗೆ ಒಂದು ಶಾಟ್ಕಿ ಡಯೋಡ್ ಕೂಡ ಹಾಕಿ. ನಿಮ್ಮ ಆಂಪ್ಲಿಫೈಯರ್ ಮೈನಸ್ ಕಡೆಗೂ ಹೋಗಬಲ್ಲದು. ಮೂರು ವಾರ ಆ ನ್ಯಾನೋ ಬದುಕಿದ್ದೇ ಹೆಚ್ಚು.

ಹುಬ್ಬಳ್ಳಿ_ಲ್ಯಾಬ್

ಮೇಡಂ, ತಪ್ಪು ನನ್ನದೂ ಇದೆ. "ಮೈನಸ್ ತಂತಿಯಿಂದ" ಅಂದೆ, ಮಕ್ಸಿನ ಯಾವ ಕಡೆ ಅಂತ ಹೇಳಲಿಲ್ಲ. ಬರೀ 1 ಮೆಗಾ ಆಗಿದ್ದರೆ ಈಚೆ ಹಾಕಿದರೂ ರೀಡಿಂಗ್ ತಪ್ಪುತ್ತಿರಲಿಲ್ಲ. 10 ಮೆಗಾ ಸೇರಿಸಿದ್ದೇ ನಾನು. ನಾಳೆ ಹುಡುಗರಿಗೆ ಈ 3 ನೇ ಚಾನಲಿನ ಎರಡೂವರೆ ಡಿಗ್ರಿಯನ್ನೇ ಪ್ರಶ್ನೆಯಾಗಿ ಕೊಡುತ್ತೇನೆ.

ಸಾಗರದ_ಸೋಲ್ಡರ್

ತಡವಾಯಿತು, ಕ್ಷಮಿಸಿ. ಕೊಯ್ಲು ಜೋರಾಗಿತ್ತು, ಅಂಗಡಿ ಮುಚ್ಚಿ ನಾನೂ ಸುಲಿಯಲು ಕೂತಿದ್ದೆ.

ಎಲ್ಲ ಮಾಡಿದೆ. ಎಂಟು ರೆಸಿಸ್ಟರ್ ಟರ್ಮಿನಲ್ ಹತ್ತಿರ ಹೋದವು. ತಂತಿ ಅಳೆದೆ ಮೇಡಂ, ನೀವು ಹೇಳಿದ್ದೇ: 28, 29, 27, ಸ್ಕ್ರೂ ಪ್ರೋಬಿನದು 31. ಕಾಯುವುದನ್ನು 100 ಮಾಡಿ ಅಪ್‌ಲೋಡ್ ಮಾಡಿದ ಕೂಡಲೇ 4 ಇಳಿದು 60 ಕ್ಕೆ ಬಂತು. 3 ಏರಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ: 146, 147, 147. ಅಡಿಗೆ ಮನೆಯಿಂದ ದೊಡ್ಡಮ್ಮ ಏನಾಯಿತು ಅಂತ ಓಡಿ ಬಂದರು, ಅಷ್ಟು ಜೋರಾಗಿ ಕೂಗಿದ್ದೆ.

ಎಲ್ಎಂ35 ನ್ಯಾನೋದ ರೆಗ್ಯುಲೇಟರ್ ಪಕ್ಕದಲ್ಲೇ ಇತ್ತು, ಬಯ್ಯಬೇಡಿ. ಈಗ ಟರ್ಮಿನಲಿಗೆ ಅಂಟಿಸಿದ್ದೇನೆ. 1 ನೇ ಟರ್ಮಿನಲಿನ ಎರಡು ಸ್ಕ್ರೂ ನಡುವೆ ತಾಮ್ರದ ತುಂಡು ಹಾಕಿ ಶಾರ್ಟ್ ಮಾಡಿದಾಗ ಎಲ್ಎಂ35 ಗಿಂತ 1 ಡಿಗ್ರಿ ಜಾಸ್ತಿ ಬರುತ್ತಿತ್ತು. ಅದು ಎಡಿ620 ಯ ಆಫ್‌ಸೆಟ್ ಇರಬೇಕು ಅಂತ ಕೋಡಿನಲ್ಲಿ ಕಳೆದುಬಿಟ್ಟೆ. ತಪ್ಪಿದ್ದರೆ ಹೇಳಿ.

ಮೊನ್ನೆ ರಾತ್ರಿ 2 ನೇ ಚಾನಲ್ ಏಕಾಏಕಿ 1023 ಕ್ಕೆ, ಅಂದರೆ ಫುಲ್ ಸ್ಕೇಲಿಗೆ, ಹೋಗಿ ನಿಂತಿತು. ಬೆಳಿಗ್ಗೆ ನೋಡಿದರೆ ಇಲಿ ತಂತಿ ಕಡಿದಿತ್ತು. ಹುಬ್ಬಳ್ಳಿ ಸರ್, ನಿಮ್ಮ 10 ಮೆಗಾ ಮೊದಲ ವಾರದಲ್ಲೇ ದುಡಿಯಿತು. ಈಗ ನಾಲ್ಕು ತಂತಿಯನ್ನೂ ಹಳೇ ಜಿಐ ಪೈಪಿನೊಳಗೆ ಹಾಯಿಸಿದ್ದೇನೆ.

ದೊಡ್ಡಪ್ಪ ನಡುಮನೆಯಲ್ಲಿ ಡಿಸ್‌ಪ್ಲೇ ನೋಡುತ್ತಾರೆ, 59 ಅಂತ ಓದುತ್ತಾರೆ, ಆಮೇಲೆ ಟಾರ್ಚ್ ಹಿಡಿದು ಹೋಗಿ ಕೈ ಒಳಗಿಟ್ಟು ಬರುತ್ತಾರೆ.